ಅರ್ಜಿ ಆನ್‌ಲೈನ್ ಆಯಿತು, ಕೆಲಸ ಆಯಿತೇ? ರಾಯಚೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು, ಮಸ್ಕಿ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಅರ್ಜಿ ತುಂಬಿಕೊಡುವುದು, ಬಂದ ಮೆಸೇಜ್ ಓದಿ ಹೇಳುವುದು, ತಿರಸ್ಕಾರವಾದ ಅರ್ಜಿಗೆ ಕಾರಣ ಹುಡುಕುವುದು ನನ್ನ ಬಿಡುವಿನ ಹೊತ್ತಿನ ಕೆಲಸ. ಕೇಳುವವರಲ್ಲಿ ಪಿಂಚಣಿಗೆ ಕಾಯುವ ಅಜ್ಜಿಯರಿದ್ದಾರೆ, ವಿದ್ಯಾರ್ಥಿವೇತನದ ಕೊನೆಯ ದಿನ ಹತ್ತಿರ ಬಂದ ಹುಡುಗರಿದ್ದಾರೆ, ಪಂಚಾಯಿತಿ ಸದಸ್ಯರು, ಕೇಂದ್ರ ನಡೆಸುವ ಆಪರೇಟರುಗಳು, ಊರಿಗೆ ಏನಾದರೂ ಮಾಡಬೇಕೆಂದು ಬೆಂಗಳೂರಿನಿಂದ ಫೋನ್ ಮಾಡುವ ಎಂಜಿನಿಯರುಗಳೂ ಇದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ಎರಡು ಭಾಗ ಕೆಲಸ ಮಾಡಿಸಿಕೊಳ್ಳುವವರಿಗೆ, ಕೊನೆಯದು ಸೇವೆಯನ್ನು ಸುಧಾರಿಸಬಲ್ಲವರಿಗೆ. ಎಲ್ಲರೂ ಎಲ್ಲವನ್ನೂ ಓದಲಿ ಎಂಬುದು ನನ್ನ ಆಸೆ.

## ಮೊದಲು ತಿಳಿಯಬೇಕಾದವು

“ಎಲ್ಲಾ ಆನ್‌ಲೈನ್ ಆಗೈತಿ ಅಂತೀರಿ. ಮತ್ಯಾಕ ನಾವು ಇನ್ನಾ ನಾಡಕಚೇರಿಗೆ ಅಡ್ಡಾಡಾಕತ್ತೀವಿ?”

ಬಹಳಷ್ಟು ಸೇವೆಗಳಲ್ಲಿ ಆನ್‌ಲೈನ್ ಆಗಿರುವುದು ಅರ್ಜಿ ಮಾತ್ರ. ಒಳಗಿನ ಕೆಲಸ ಹಳೆಯ ದಾರಿಯಲ್ಲೇ ನಡೆಯುತ್ತದೆ. ನೀವು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಅದು ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿಯ ಬಳಿ ಹೋಗುತ್ತದೆ (ನಮ್ಮ ಜನರ ಬಾಯಲ್ಲಿ ಇವತ್ತಿಗೂ ತಲಾಟಿ). ಅಲ್ಲಿಂದ ಕಂದಾಯ ನಿರೀಕ್ಷಕರು, ಆಮೇಲೆ ಉಪ ತಹಶೀಲ್ದಾರರ ಸಹಿ. ಈ ಮೂರು ಮೇಜುಗಳಲ್ಲಿ ಯಾವುದರ ಮೇಲೆ ಅರ್ಜಿ ನಿಂತಿದ್ದರೂ ನಿಮ್ಮ ಫೋನಿನಲ್ಲಿ ಕಾಣುವುದು ‘ಪ್ರಗತಿಯಲ್ಲಿದೆ’ ಎಂಬ ಒಂದೇ ಮಾತು. ಯಾರ ಬಳಿ ನಿಂತಿದೆ, ಯಾಕೆ ನಿಂತಿದೆ ಎಂದು ತಿಳಿಯದಿದ್ದರೆ ಜನ ಖುದ್ದಾಗಿ ಹೋಗಿಯೇ ಕೇಳುತ್ತಾರೆ. ಅಡ್ಡಾಟಕ್ಕೆ ಮುಖ್ಯ ಕಾರಣ ಇದೇ.

ಒಳಗಿನ ಕೆಲಸವನ್ನೂ ಬದಲಿಸಿದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಹಾಕಿ ಸುಮ್ಮನಾಗಲಿಲ್ಲ. ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದುಹಾಕಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಯಾರು ಕೇಳಿದರೂ ಸಿಗುವಂತೆ ಮಾಡಿತು. ನಾಡಕಚೇರಿಗಳಲ್ಲಿ ಜಾತಿ, ಆದಾಯದ ಮಾಹಿತಿಯನ್ನು ಮೊದಲೇ ಮನೆಮನೆಯಿಂದ ಸಂಗ್ರಹಿಸಿಟ್ಟು, ಹೆಸರು ಪಟ್ಟಿಯಲ್ಲಿದ್ದವರಿಗೆ ಕೌಂಟರಿನಲ್ಲೇ ಪ್ರಿಂಟ್ ತೆಗೆದುಕೊಡುವ ವ್ಯವಸ್ಥೆ ಬಂತು. ಪರಿಶೀಲನೆ ಮೊದಲೇ ಮುಗಿದಿರುವುದರಿಂದ ಅರ್ಜಿದಾರರು ಕಾಯಬೇಕಿಲ್ಲ. ನೀವು ಹೋದಾಗ “ನನ್ನ ಹೆಸರು ಪಟ್ಟಿಯೊಳಗ ಐತೇನ್ರಿ, ನೋಡ್ರಿ” ಎಂದು ಮೊದಲು ಕೇಳಿ. ಇದ್ದರೆ ಹೊಸ ಅರ್ಜಿ ಹಾಕುವ ಅಗತ್ಯವೇ ಬೀಳದು.

“ನಾಡಕಚೇರಿ, ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರ, ಸೇವಾ ಸಿಂಧು... ಯಾವುದಕ್ಕೆ ಎಲ್ಲಿಗೆ ಹೋಗಬೇಕು?”

ನಾಡಕಚೇರಿ ಹೋಬಳಿ ಮಟ್ಟದ ಕಂದಾಯ ಕಚೇರಿ. ಜಾತಿ, ಆದಾಯ, ವಾಸಸ್ಥಳ, ಪಿಂಚಣಿ ಅಲ್ಲಿಯ ಕೆಲಸ. ಬಾಪೂಜಿ ಸೇವಾ ಕೇಂದ್ರ ಗ್ರಾಮ ಪಂಚಾಯಿತಿ ಕಟ್ಟಡದಲ್ಲೇ ಇರುತ್ತದೆ. ಸೇವಾ ಸಿಂಧು ಒಂದು ಜಾಲತಾಣ. ಬೇರೆ ಬೇರೆ ಇಲಾಖೆಗಳ ಅರ್ಜಿಗಳನ್ನು ಒಂದೇ ಕಡೆ ತರಲು ಮಾಡಿದ್ದು. 2022ರಲ್ಲಿ ಶುರುವಾದ ಗ್ರಾಮ ಒನ್ ಕೇಂದ್ರದಲ್ಲಿ ಆಪರೇಟರ್ ಕೂತು ನಿಮ್ಮ ಪರವಾಗಿ ಇದೇ ಜಾಲತಾಣದಲ್ಲಿ ಅರ್ಜಿ ತುಂಬುತ್ತಾರೆ.

ಊರಲ್ಲೇ ಗ್ರಾಮ ಒನ್ ಇದ್ದರೆ ಮೊದಲು ಅಲ್ಲಿಗೆ ಹೋಗಿ, ಬಸ್ ಚಾರ್ಜ್ ಉಳಿಯುತ್ತದೆ. ಆದರೆ ಮಂಜೂರು ಮಾಡುವ ಅಧಿಕಾರ ಕೇಂದ್ರಕ್ಕಿಲ್ಲ. ಅರ್ಜಿ ನಿಂತರೆ ಆಪರೇಟರ್ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ, ಸಂಬಂಧಪಟ್ಟ ಕಚೇರಿಯನ್ನೇ ಕೇಳಬೇಕು. ಇಷ್ಟು ಹೆಸರುಗಳು ಬೇಕಿತ್ತೇ ಎಂದು ಕೇಳುವವರಿಗೆ ನನ್ನ ಉತ್ತರ: ಬೇಕಿರಲಿಲ್ಲ. ಹಳ್ಳಿಯವನಿಗೆ ಬೇಕಾದದ್ದು ಒಂದು ಬಾಗಿಲು. ಒಳಗೆ ಯಾವ ಇಲಾಖೆ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಕಚೇರಿಗಳೇ ತಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳಬೇಕು.

“ಅರ್ಜಿ ಕೊಟ್ಟ ಮ್ಯಾಗ ಕೈಯಾಗ ಏನ್ ಇಟ್ಕೊಂಡು ಬರಬೇಕ್ರಿ?”

ಸ್ವೀಕೃತಿ ಚೀಟಿ. ಅದರ ಮೇಲೆ ಸಕಾಲ ಸಂಖ್ಯೆ (ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಅರ್ಜಿಗೆ ಸಿಗುವ ಸಂಖ್ಯೆ) ಇರಬೇಕು, ಎಷ್ಟು ದಿನದೊಳಗೆ ಕೆಲಸ ಆಗಬೇಕೆಂಬ ತಾರೀಖೂ ಇರಬೇಕು. “ಹೋಗಿರಿ, ಮೆಸೇಜ್ ಬರತೈತಿ” ಎಂದರೆ ಎದ್ದು ಬರಬೇಡಿ.

ಸಕಾಲ ಕಾಯ್ದೆ 2011ರದ್ದು. ರಾಜ್ಯದಾದ್ಯಂತ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗೊತ್ತು ಮಾಡಿದ ದಿನದೊಳಗೆ ಸೇವೆ ಕೊಡದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಸಿಗಬೇಕು ಎಂದು ಕಾಯ್ದೆ ಹೇಳುತ್ತದೆ. ಅರ್ಜಿ ತಿರಸ್ಕಾರವಾದರೆ ಅಥವಾ ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಮೊತ್ತ ಸಣ್ಣದು. ಆದರೂ ಇದರಲ್ಲಿ ದೊಡ್ಡ ವಿಷಯವಿದೆ: ತಡವಾದರೆ ಅದಕ್ಕೆ ಒಬ್ಬ ಅಧಿಕಾರಿ ಹೊಣೆ ಎಂದು ಕಾನೂನೇ ಒಪ್ಪಿಕೊಂಡಿದೆ. ನಮ್ಮ ಕಡೆ ಮೇಲ್ಮನವಿ ಹಾಕುವವರು ತೀರಾ ಕಡಿಮೆ. ಚೀಟಿ ಇಟ್ಟುಕೊಂಡಿರುವುದಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ. ಚೀಟಿ ಸಿಕ್ಕ ಕೂಡಲೇ ಫೋನಿನಲ್ಲಿ ಫೋಟೊ ತೆಗೆದಿಡಿ. ಫೋನ್ ಇಲ್ಲದವರು ರೇಷನ್ ಕಾರ್ಡಿನ ಕವರಿನಲ್ಲಿ ಇಡಿ.

“ಬೋರ್ಡಿನ ಮ್ಯಾಗ ಒಂದು ರೇಟ್, ಕೇಳೋದು ಒಂದು ರೇಟ್. ಯಾರಿಗೆ ಹೇಳೋಣು?”

ರಸೀದಿ ಕೇಳಿ. ರಸೀದಿಯಲ್ಲಿರುವಷ್ಟೇ ಕೊಡಿ. ಝೆರಾಕ್ಸ್, ಫೋಟೊ, ಲ್ಯಾಮಿನೇಷನ್‌ಗೆ ಬೇರೆ ರೊಕ್ಕ ಕೇಳಬಹುದು, ಆದರೆ ಅದು ಬೇರೆ ಎಂದು ಹೇಳಬೇಕು. ದೂರಿಗೆ 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿ ಇದೆ. ಒಂದು ಮಾತು ಕೇಂದ್ರದವರ ಪರವಾಗಿಯೂ ಹೇಳಬೇಕು. ಅರ್ಜಿಗೊಂದಿಷ್ಟು ಎಂದು ಸಿಗುವ ಪಾಲಿನಲ್ಲಿ ಬಾಡಿಗೆ, ಕರೆಂಟು, ಇಂಟರ್ನೆಟ್ ಎಲ್ಲ ನಡೆಯಬೇಕು. ಒಬ್ಬ ಅಜ್ಜಿಯ ಜೊತೆ ಅರ್ಧ ಗಂಟೆ ಕೂತು ತಿಳಿಸಿ ಹೇಳಿದ್ದಕ್ಕೆ ಅವರಿಗೆ ಏನೂ ಹುಟ್ಟುವುದಿಲ್ಲ. ಆ ಅರ್ಧ ಗಂಟೆಗೂ ಬೆಲೆ ಕಟ್ಟುವ ಪದ್ಧತಿ ಬಂದರೆ ಹೆಚ್ಚಿಗೆ ಕೇಳುವ ಚಾಳಿ ಕಡಿಮೆಯಾದೀತು.

## ದಾರಿಗೆ ಅಡ್ಡ ಬರುವವು

“ನಮ್ಮವ್ವನ ಹೆಬ್ಬೆಟ್ಟು ಮಶೀನ್ ಹಿಡಿಯಂಗಿಲ್ರಿ. ರೇಷನ್ ಇಲ್ಲ ಅಂತಾರ.”

ಭತ್ತದ ನಾಟಿ, ಹತ್ತಿ ಬಿಡಿಸುವುದು, ಒಣಮೆಣಸಿನಕಾಯಿ ಆರಿಸುವುದು ಮಾಡಿದ ಕೈಗಳಲ್ಲಿ ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದರಂತೂ ಚರ್ಮ ಒಣಗಿ ಯಂತ್ರಕ್ಕೆ ಏನೂ ಕಾಣುವುದಿಲ್ಲ. ದುಡಿದು ಸವೆದ ಕೈ ಅದು, ನಿಮ್ಮ ತಾಯಿಯ ತಪ್ಪು ಏನೂ ಇಲ್ಲ.

ಮಾಡಬಹುದಾದದ್ದು ಇಷ್ಟು. ರೇಷನ್ ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರು ಬೆರಳು ಕೊಡಬಹುದು. ಹತ್ತೂ ಬೆರಳು ಪ್ರಯತ್ನಿಸಲು ಹೇಳಿ. ಅಂಗಡಿಯಲ್ಲಿ ಹೆಬ್ಬೆರಳಿಗೇ ಅಂಟಿಕೊಳ್ಳುತ್ತಾರೆ, ಕಿರುಬೆರಳು ಹಿಡಿಯುವುದುಂಟು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಿಸಿ. ಮುಖ ತೋರಿಸಿ ದೃಢೀಕರಿಸುವ ದಾರಿಯೂ ಬಂದಿದೆ. ರೈತರಿಗೆ ಹಣ ಕೊಡುವ ಪಿಎಂ ಕಿಸಾನ್ ಯೋಜನೆಯ ಆ್ಯಪ್‌ನಲ್ಲಿ 2023ರಿಂದ ಕೆವೈಸಿಯನ್ನು, ಅಂದರೆ ಗುರುತಿನ ದೃಢೀಕರಣವನ್ನು, ಹೀಗೆ ಮಾಡಬಹುದು.

ಇದಿಷ್ಟೂ ನಾಗರಿಕರು ಮಾಡಬೇಕಾದದ್ದು. ಸರ್ಕಾರ ಮಾಡಬೇಕಾದದ್ದು ಇನ್ನೂ ಮುಖ್ಯ. ಆಧಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಕೊಟ್ಟ ತೀರ್ಪಿನಲ್ಲಿ, ದೃಢೀಕರಣ ವಿಫಲವಾಯಿತು ಎಂಬ ಕಾರಣಕ್ಕೆ ಅರ್ಹರು ಸವಲತ್ತಿನಿಂದ ವಂಚಿತರಾಗಬಾರದು ಎಂಬ ಕಾಳಜಿ ಸ್ಪಷ್ಟವಾಗಿದೆ. ಹಾಗಾದರೆ ಯಂತ್ರ ಹಿಡಿಯದಿದ್ದಾಗ ಅಂಗಡಿಯವರು ಏನು ಮಾಡಬೇಕು ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಇಂಥವರಿಗೆಂದು ಒಂದು ವಹಿ, ಅದರಲ್ಲಿ ಸಹಿ, ಅವತ್ತೇ ಅಕ್ಕಿ. ಆ ವಹಿಯನ್ನು ತಿಂಗಳಿಗೊಮ್ಮೆ ಆಹಾರ ನಿರೀಕ್ಷಕರು ನೋಡಿದರೆ ಸಾಕು, ದುರುಪಯೋಗದ ಭಯಕ್ಕೂ ಉತ್ತರ ಸಿಗುತ್ತದೆ. ಯಂತ್ರ ಕೈಕೊಟ್ಟಾಗ ಏನು ಮಾಡಬೇಕೆಂದು ಮೊದಲೇ ಯೋಚಿಸದ ಸೇವೆಯನ್ನು ಜಾರಿಗೆ ತರಲೇಬಾರದು.

“ಒಟಿಪಿ ಮಗನ ಫೋನಿಗೆ ಹೋಗತೈತಿ. ಮಗ ಬೆಂಗಳೂರಾಗ ಗೌಂಡಿ ಕೆಲಸಕ್ಕ ಹೋಗ್ಯಾನ. ಅವ ಫೋನ್ ಎತ್ತೋದು ರಾತ್ರಿನಾಗ.”

ನಮ್ಮ ಜಿಲ್ಲೆಯಲ್ಲಿ ಇದು ಒಂದೆರಡು ಮನೆಯ ಕಥೆ ಅಲ್ಲ. ದೇವದುರ್ಗ, ಮಸ್ಕಿ, ಲಿಂಗಸುಗೂರು ಕಡೆಯಿಂದ ಬೆಂಗಳೂರು, ಹೈದರಾಬಾದಿಗೆ ದುಡಿಯಲು ಹೋಗುವವರು ಬಹಳ. ಮನೆಗೊಂದೇ ಫೋನ್, ಅದೂ ಹೋದವರ ಜೊತೆ ಹೋಗುತ್ತದೆ. ಒಬ್ಬರಿಗೊಂದು ಫೋನ್ ಇದ್ದೇ ಇರುತ್ತದೆ ಎಂದು ನಂಬಿ ಕಟ್ಟಿದ ಸೇವೆ ಇಲ್ಲಿ ಮೊದಲ ಮೆಟ್ಟಿಲಿಗೇ ನಿಲ್ಲುತ್ತದೆ.

ಈಗಿನ ಮಟ್ಟಿಗೆ, ಊರಲ್ಲೇ ಇರುವ ಯಾರಾದರೂ ಮನೆಯವರ ನಂಬರನ್ನು ಆಧಾರ್ ಕೇಂದ್ರದಲ್ಲಿ ಸೇರಿಸಿಕೊಳ್ಳಿ. ಒಟಿಪಿಯನ್ನು ಫೋನಿನಲ್ಲಿ ಕೇಳಿದ ಅಪರಿಚಿತರಿಗೆ ಹೇಳಬೇಡಿ, “ಪಿಂಚಣಿ ಆಫೀಸಿನಿಂದ ಮಾತಾಡ್ತೀನಿ” ಎಂದರೂ ಹೇಳಬೇಡಿ. ಕೇಂದ್ರದಲ್ಲಿ ಎದುರಿಗೆ ಕೂತಾಗ ಹೇಳುವುದಾದರೆ, ಅದು ಯಾವ ಕೆಲಸಕ್ಕೆ ಬಂದದ್ದೆಂದು ಮೆಸೇಜ್ ಓದಿಸಿಕೊಂಡು ಹೇಳಿ.

ಸೇವೆ ರೂಪಿಸುವವರು ಮಾಡಬಹುದಾದ ಸಣ್ಣ ಬದಲಾವಣೆಗಳೂ ಇವೆ. ಒಟಿಪಿ ಮೆಸೇಜ್ ಕನ್ನಡದಲ್ಲಿ, ಯಾವ ಸೇವೆಗೆ ಎಂಬ ಹೆಸರಿನ ಜೊತೆ ಬರಲಿ. ತುಂಬಿದ ಅರ್ಜಿಯನ್ನು ಅರ್ಧಕ್ಕೆ ಉಳಿಸಿಡುವ ಅವಕಾಶ ಇರಲಿ, ಮಗ ರಾತ್ರಿ ಹೇಳಿದ ಮೇಲೆ ಬೆಳಿಗ್ಗೆ ಹೊಸ ಒಟಿಪಿ ತರಿಸಿ ಮುಂದುವರಿಸಲಿ. ಈಗ ಹತ್ತು ನಿಮಿಷ ಕಳೆದರೆ ಎಷ್ಟೋ ಅರ್ಜಿಗಳು ಮೊದಲಿನಿಂದ ಶುರುವಾಗಬೇಕು.

“ಹೆಸರು ತಾಳೆ ಆಗವಲ್ದು ಅಂತ ಅರ್ಜಿ ವಾಪಸ್ ಬಂದೈತ್ರಿ. ನನ್ನ ಹೆಸರು ನನಗ ಗೊತ್ತಿಲ್ಲೇನು?”

ಈ ಪಟ್ಟಿಯಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಬ್ಬ ಹೆಣ್ಣುಮಗಳು ಆಧಾರ್‌ನಲ್ಲಿ ಹುಲಿಗೆಮ್ಮ, ರೇಷನ್ ಕಾರ್ಡಿನಲ್ಲಿ ಹುಲಗಮ್ಮ, ಬ್ಯಾಂಕಿನಲ್ಲಿ ಹುಲಿಗೆಮ್ಮ ಡಿ, ಪಹಣಿಯಲ್ಲಿ ಹುಲಿಗೆವ್ವ ಗಂಡ ದುರುಗಪ್ಪ. ನಾಲ್ಕೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು. ಕಂಪ್ಯೂಟರಿಗೆ ನಾಲ್ಕು ಜನ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬ ಆಪರೇಟರ್ ಒಂದೊಂದು ರೀತಿ ಬರೆಯುತ್ತಾರೆ, ಅಲ್ಲಿ ಗಂಟು ಬೀಳುತ್ತದೆ. ಇನಿಶಿಯಲ್ ಮುಂದೋ ಹಿಂದೋ, ಮನೆತನದ ಹೆಸರು ಸೇರಿಸಬೇಕೋ ಬೇಡವೋ ಎಂಬುದಕ್ಕೂ ಒಂದು ನಿಯಮವಿಲ್ಲ. ನಮ್ಮ ಭಾಗಕ್ಕೆ ಇನ್ನೊಂದು ಕಾರಣವೂ ಸೇರಿದೆ. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತ ಭಾಷೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಅಜ್ಜ, ಮುತ್ತಜ್ಜರ ಹೆಸರು ಹಳೆಯ ಕಾಗದದಲ್ಲಿ ಉರ್ದು ಲಿಪಿಯಲ್ಲಿದ್ದು, ಅಲ್ಲಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಹೆಸರು ಬೇರೆಯೇ ಆಗಿರುವುದುಂಟು.

ಓಡಾಟ ಶುರು ಮಾಡುವ ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಎಲ್ಲ ದಾಖಲೆಗಳಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಒಂದರ ಕೆಳಗೆ ಒಂದು ಬರೆಯಿರಿ, ಜೊತೆಗೆ ಹುಟ್ಟಿದ ತಾರೀಖು. ಹೆಚ್ಚಿನ ಕಡೆ ಯಾವ ರೂಪ ಇದೆಯೋ ಅದನ್ನು ಉಳಿಸಿಕೊಂಡು, ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಮಿತಿ ಇದೆ, ಮುಗಿದುಹೋದರೆ ಕಷ್ಟ. ಆದ್ದರಿಂದ ಅದನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಿ. ಮಕ್ಕಳಿಗೆ ಶಾಲೆಗೆ ಸೇರಿಸುವಾಗಲೇ ಹೆಸರು ಹೇಗೆ ಬರೆದಿದ್ದಾರೆ ಎಂದು ನೋಡಿಕೊಳ್ಳಿ. ಮುಂದೆ ಜಾತಿ ಪ್ರಮಾಣಪತ್ರದಿಂದ 371ಜೆ ಪ್ರಮಾಣಪತ್ರದವರೆಗೆ (ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗದ ಮೀಸಲಾತಿಗೆ ಬೇಕಾದದ್ದು) ಎಲ್ಲದಕ್ಕೂ ಶಾಲೆಯ ದಾಖಲೆ ಕೇಳುತ್ತಾರೆ.

ಈಗ ಸೇವೆ ನಡೆಸುವವರಿಗೆ ನನ್ನ ಮಾತು. ಒಂದು ಅಕ್ಷರ ಹೆಚ್ಚುಕಡಿಮೆ ಆದದ್ದಕ್ಕೆ ಅರ್ಜಿ ತಿರಸ್ಕರಿಸುವುದು ಯಂತ್ರಕ್ಕೆ ಬಿಟ್ಟ ತೀರ್ಮಾನ ಆಗಬಾರದು. ತಂದೆ ಅಥವಾ ಗಂಡನ ಹೆಸರು, ಊರು, ಹುಟ್ಟಿದ ವರ್ಷ ಹೊಂದುತ್ತಿದ್ದರೆ, ಹೆಸರಿನ ಉಚ್ಚಾರ ಹತ್ತಿರವಿದ್ದರೆ, ಅದು ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಹೋಗಲಿ. ಅವರು ಊರಿನವರನ್ನು ಕೇಳಿ ‘ಇಬ್ಬರೂ ಒಬ್ಬರೇ’ ಎಂದು ಒಮ್ಮೆ ದಾಖಲಿಸಿದರೆ, ಅದು ಎಲ್ಲ ಇಲಾಖೆಗೂ ಒಪ್ಪಿತವಾಗಲಿ. ಈಗ ಅದೇ ಹೆಣ್ಣುಮಗಳು ಪ್ರತಿ ಇಲಾಖೆಗೂ ಬೇರೆ ಬೇರೆ ಅಫಿಡವಿಟ್ ಮಾಡಿಸುತ್ತಾಳೆ, ಒಂದೊಂದಕ್ಕೂ ಸ್ಟಾಂಪು, ನೋಟರಿ, ಒಂದು ದಿನದ ಕೂಲಿ.

“ಗೃಹಲಕ್ಷ್ಮಿ ರೊಕ್ಕ ನಿಂತೈತಿ. ಬ್ಯಾಂಕಿನವ್ರು ಇಲಾಖಿ ಅಂತಾರ, ಇಲಾಖಿಯವ್ರು ಬ್ಯಾಂಕ್ ಅಂತಾರ.”

ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಈ ಯೋಜನೆ 2023ರ ಆಗಸ್ಟ್ 30ರಂದು ಚಾಲನೆಗೊಂಡಿತು. ಹಣ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಇಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿ ಒಂದಿದೆ. ಬ್ಯಾಂಕಿಗೆ ಆಧಾರ್ ಝೆರಾಕ್ಸ್ ಕೊಟ್ಟಿರುವುದು ಬೇರೆ, ಸರ್ಕಾರಿ ಹಣ ಬರಲು ಆ ಖಾತೆ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಪಾವತಿಯ ಜಾಲ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಸೇರಿರುವುದು ಬೇರೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಜೋಡಿಸಿದ್ದು. ಸಂಘದ ಸಾಲಕ್ಕೆಂದೋ ಸಿಲಿಂಡರ್ ಸಬ್ಸಿಡಿಗೆಂದೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತಿದ್ದರೆ, ಹಣ ಅಲ್ಲಿಗೆ ಜಮಾ ಆಗಿರಬಹುದು. ಮೊದಲು ಆ ಹಳೆಯ ಪಾಸ್‌ಬುಕ್ ಹುಡುಕಿ ಎಂಟ್ರಿ ಹಾಕಿಸಿ. ನೇರ ಹಣ ವರ್ಗಾವಣೆಯ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ ಯಾವ ದಿನ ಹೋಗಿದೆ ಎಂದು ನೋಡಬಹುದು. ಅಲ್ಲೂ ಇಲ್ಲದಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಾಲ್ಲೂಕು ಕಚೇರಿ, ಅಂದರೆ ಸಿಡಿಪಿಒ ಕಚೇರಿಗೆ ಹೋಗಿ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ನಿಮ್ಮ ಹೆಸರಿದೆಯೇ ಎಂಬುದನ್ನು ಮೊದಲೇ ನೋಡಿಕೊಂಡು ಹೋಗಿ.

‘ವಿಫಲ’ ಎಂಬ ಒಂದು ಪದ ತೋರಿಸುವ ಬದಲು “ನಿಮ್ಮ ಹಣ ಇಂಥ ಬ್ಯಾಂಕಿನಿಂದ ವಾಪಸ್ ಬಂದಿದೆ, ಖಾತೆ ಮುಚ್ಚಿದೆ, ಬ್ಯಾಂಕಿಗೆ ಹೋಗಿ ಇದನ್ನು ಹೇಳಿ” ಎಂದು ಕನ್ನಡದಲ್ಲಿ ತೋರಿಸಿದರೆ ಕಚೇರಿ ಮುಂದಿನ ಸಾಲು, ಅಂದರೆ ಪಾಳಿ, ಅರ್ಧ ಕರಗುತ್ತದೆ. ಆ ಮಾಹಿತಿ ಒಳಗೆ ಇದ್ದೇ ಇರುತ್ತದೆ. ಹೊರಗೆ ಕಾಣಿಸುವ ಮನಸ್ಸು ಬೇಕು.

“ಸರ್ವರ್ ಇಲ್ಲ ಅಂದ್ರ?”

ಅವತ್ತಿನ ದಿನಾಂಕ ಹಾಕಿ ಟೋಕನ್ ಬರೆಸಿಕೊಳ್ಳಿ, ಫೋನ್ ನಂಬರ್ ಕೊಟ್ಟು ಸರಿಹೋದಾಗ ಕರೆಯಲು ಹೇಳಿ. ಅರ್ಜಿಗೆ ಕೊನೆಯ ದಿನವಿದ್ದರೆ ಸರ್ವರ್ ಇರಲಿಲ್ಲವೆಂದು ಕೇಂದ್ರದವರಿಂದ ಬರೆಸಿಕೊಂಡು ಬನ್ನಿ. ಕಾಲೇಜು ಪ್ರವೇಶದ ದಿನಗಳಲ್ಲಿ ಪ್ರಮಾಣಪತ್ರಕ್ಕೆ ನೂಕುನುಗ್ಗಲು ಎಂದು ಪ್ರತಿ ವರ್ಷವೂ ಗೊತ್ತಿರುವ ವಿಷಯ, ಅದಕ್ಕೆ ಮೊದಲೇ ಸಿದ್ಧವಾಗುವುದು ಇಲಾಖೆಯ ಕೆಲಸ.

## ಸೇವೆಯನ್ನೇ ಸುಧಾರಿಸುವ ಬಗ್ಗೆ

“ಜಾಲತಾಣ ಕನ್ನಡದಲ್ಲೇ ಇದೆಯಲ್ಲ. ಇನ್ನೇನು ತೊಂದರೆ?”

ಪರದೆ ತುಂಬ ‘ಫಲಾನುಭವಿಯ ದೃಢೀಕರಣ ಪ್ರಕ್ರಿಯೆ ಅಪೂರ್ಣ’ ಎಂದಿದ್ದರೆ ಅದು ಕನ್ನಡ ಲಿಪಿಯಲ್ಲಿದೆ ಅಷ್ಟೇ. “ನೀವು ಇನ್ನೂ ಬೆರಳು ಕೊಟ್ಟಿಲ್ಲ” ಎಂದರೆ ಯಾರಿಗೂ ತಿಳಿಯುತ್ತದೆ. ಎಲ್ಲ ಸರಿ ಇರುವಾಗ ಕನ್ನಡ ಕಾಣುತ್ತದೆ, ತಪ್ಪಾದ ಕೂಡಲೇ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಸಹಾಯ ಹೆಚ್ಚು ಬೇಕಾದ ಜಾಗದಲ್ಲೇ ಭಾಷೆ ಕೈಬಿಡುತ್ತದೆ.

ಓದು ಬಾರದವರನ್ನೂ ನೆನಪಿಡಬೇಕು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸು, ಹೆಂಗಸರಲ್ಲಿ ಅರ್ಧಕ್ಕಿಂತ ಕಡಿಮೆ. ಜೊತೆಗೆ ಸಿಂಧನೂರಿನ ಕ್ಯಾಂಪುಗಳಲ್ಲಿ (ಹೊರಗಿನಿಂದ ಬಂದು ನೆಲೆಸಿದವರ ಊರುಗಳು) ತೆಲುಗು, ಬಂಗಾಳಿ ಮಾತಾಡುವವರಿದ್ದಾರೆ, ರಾಯಚೂರು ನಗರದಲ್ಲಿ ಉರ್ದು ಮನೆಮಾತಿನವರಿದ್ದಾರೆ. ಇವರಿಗೆ ಬರಹದ ಮೆಸೇಜಿಗಿಂತ ದನಿಯ ಕರೆ ಹೆಚ್ಚು ಉಪಯೋಗ: “ನಿಮ್ಮ ಪಿಂಚಣಿ ಮಂಜೂರಾಗಿದೆ, ಹೋಗಿ ತೆಗೆದುಕೊಳ್ಳಿ” ಎಂದು ಎರಡು ಸಲ ಹೇಳುವ ಕರೆ.

ತಂತ್ರಜ್ಞರಿಗೊಂದು ಮಾತು. ಹಳೆಯ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ ಆದೇಶಗಳು, ಸ್ಕ್ಯಾನ್ ಮಾಡಿ ಏರಿಸಿದ ಸುತ್ತೋಲೆಗಳು ಹುಡುಕಿದರೆ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಎಲ್ಲ ಯಂತ್ರಗಳೂ ಓದಬಲ್ಲ ಯುನಿಕೋಡ್‌ನಲ್ಲೇ ಪ್ರಕಟಿಸಿ.

“ಕಣ್ಣು ಕಾಣದವರು ತಮ್ಮಷ್ಟಕ್ಕೆ ತಾವೇ ಅರ್ಜಿ ಹಾಕುವಂತಾಗಬೇಕು ಎಂದು ಕೇಳುವುದು ಹೆಚ್ಚಾಯಿತೇ?”

ಖಂಡಿತ ಇಲ್ಲ, ಅದು ಹಕ್ಕು. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಇದನ್ನು ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಕೆವೈಸಿ ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುವುದರಿಂದ ಆ್ಯಸಿಡ್ ದಾಳಿಗೆ ಒಳಗಾದವರು, ಅಂಧರು ಹೊರಗುಳಿಯುತ್ತಾರೆ ಎಂಬುದು ಆ ಪ್ರಕರಣದ ಹಿನ್ನೆಲೆ. ನಮ್ಮ ಕಡೆ ನೋಡುವುದಾದರೆ, ಸೊಟ್ಟ ಅಕ್ಷರ ಗುರುತಿಸಿ ಬರೆಯಿರಿ ಎನ್ನುವ ಕ್ಯಾಪ್ಚಾ ಒಂದೇ ಎಷ್ಟೋ ಜನರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಕಣ್ಣು ಮಂಜಾದ ಅಜ್ಜನಿಗೂ ಅದೇ ಕಷ್ಟ.

“ಸರ್ಕಾರ ಕೊಟ್ಟ ಸರ್ಟಿಫಿಕೇಟನ್ನ ಸರ್ಕಾರಕ್ಕೇ ಎಷ್ಟು ಸಲ ತೋರಿಸಬೇಕು?”

ನ್ಯಾಯವಾಗಿ ಒಂದು ಸಲವೂ ತೋರಿಸಬೇಕಿಲ್ಲ. ಎಸ್ಟೋನಿಯಾ ಎಂಬ ಪುಟ್ಟ ದೇಶ 2001ರಲ್ಲೇ ಎಕ್ಸ್-ರೋಡ್ ಎಂಬ ಜಾಲ ಕಟ್ಟಿ, ಇಲಾಖೆಗಳು ಮಾಹಿತಿಯನ್ನು ನಾಗರಿಕರಿಂದ ಮತ್ತೆ ಮತ್ತೆ ಕೇಳದೆ ತಮ್ಮೊಳಗೇ ಪಡೆಯುವಂತೆ ಮಾಡಿತು. ನಮ್ಮ ರಾಜ್ಯದ ವಿದ್ಯಾರ್ಥಿವೇತನ ತಾಣದಲ್ಲೂ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ಸಾಕು, ಉಳಿದದ್ದನ್ನು ಅದೇ ನಾಡಕಚೇರಿ ದತ್ತಾಂಶದಿಂದ ತೆಗೆದುಕೊಳ್ಳುತ್ತದೆ. ರೈತರಿಗೆ ಫ್ರೂಟ್ಸ್ ಸಂಖ್ಯೆ (ರೈತರ ಗುರುತಿನ ಸಂಖ್ಯೆ), ಮನೆಗಳಿಗೆ ಕುಟುಂಬ ಸಂಖ್ಯೆ ಬಂದಿರುವುದೂ ಇದೇ ದಾರಿಯಲ್ಲಿ. 60 ತುಂಬಿದ ಬಡವರಿಗೆ ಅರ್ಜಿ ಇಲ್ಲದೆಯೇ ಪಿಂಚಣಿ ತಲುಪುವ ದಿನ ಅಸಾಧ್ಯವೇನಲ್ಲ.

ಆದರೆ ಜೋಡಣೆಯಲ್ಲಿ ಅಪಾಯವೂ ಇದೆ. ಒಂದು ಕಡೆ ಬಿದ್ದ ತಪ್ಪು ಎಲ್ಲ ಕಡೆ ಹರಡುತ್ತದೆ: ಬದುಕಿರುವವರನ್ನು ಒಂದು ಪಟ್ಟಿಯಲ್ಲಿ ಸತ್ತಿದ್ದಾರೆಂದು ಗುರುತಿಸಿದರೆ ರೇಷನ್, ಪಿಂಚಣಿ ಎರಡೂ ಒಟ್ಟಿಗೆ ನಿಲ್ಲಬಹುದು. ಆದ್ದರಿಂದ ಯಾವುದೇ ಸವಲತ್ತು ನಿಲ್ಲಿಸುವ ಮೊದಲು ಮನೆಗೆ ಹೋಗಿ ವಿಚಾರಿಸಬೇಕು, ತಿದ್ದಲು ಒಂದೇ ಜಾಗ ಇರಬೇಕು. ತನ್ನ ಮಾಹಿತಿಯನ್ನು ಯಾವ ಇಲಾಖೆ ನೋಡಿತು ಎಂದು ತಿಳಿಯುವ ದಾರಿ ನಾಗರಿಕರಿಗೂ ಇರಬೇಕು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರ ಕಾಯ್ದೆ ಬಂದಿದೆ. ಅದರ ಆಶಯ ತಾಲ್ಲೂಕು ಕಚೇರಿಯ ಕಿಟಕಿವರೆಗೂ ಬರಬೇಕು.

“ಜನರಿಗೆ ಏನು ಬೇಕೆಂದು ಸರ್ವೆ ಮಾಡಿ ಕೇಳಿದರೆ ಸಾಲದೇ?”

ಸಾಲದು. ಸರ್ವೆಯಲ್ಲಿ ಕೇಳಿದರೆ ನಮ್ಮ ಜನ “ಎಲ್ಲಾ ಬೇಷ್ ಐತ್ರಿ” ಎನ್ನುತ್ತಾರೆ. ದೊಡ್ಡವರೆದುರು ದೂರು ಹೇಳಿದರೆ ಇದ್ದದ್ದೂ ಹೋದೀತೆಂಬ ಅಳುಕು. ಕೇಳುವುದಕ್ಕಿಂತ ನೋಡುವುದು ಮೇಲು. ಬ್ರಿಟನ್ ಸರ್ಕಾರ 2011ರಲ್ಲಿ ಡಿಜಿಟಲ್ ಸೇವೆಗೆಂದೇ ಒಂದು ತಂಡ ಕಟ್ಟಿದಾಗ, ಸರ್ಕಾರದ ಅನುಕೂಲ ಬಿಟ್ಟು ಬಳಸುವವರ ಅಗತ್ಯದಿಂದ ಶುರುಮಾಡಬೇಕು ಎಂಬುದನ್ನು ಮೊದಲ ತತ್ವವಾಗಿ ಇಟ್ಟುಕೊಂಡಿತು. ಅವರು ಜನರನ್ನು ಪರದೆಯ ಮುಂದೆ ಕೂರಿಸಿ, ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ತಿದ್ದುತ್ತಿದ್ದರು.

ಅದನ್ನು ನಮ್ಮಲ್ಲೂ ಮಾಡಬಹುದು. ಸೇವೆ ರೂಪಿಸುವ ಅಧಿಕಾರಿ, ಎಂಜಿನಿಯರು ಒಂದು ದಿನ ಯಾವುದಾದರೂ ಹೋಬಳಿಯ ಕೌಂಟರಿನ ಹೊರಗೆ ಪಾಳಿಯಲ್ಲಿ ಕೂರಲಿ. ಯಾರು ಯಾವ ಕಾಗದ ಮರೆತು ವಾಪಸ್ ಹೋದರು, ಯಾರು ಎರಡನೆಯ ಸಲ ಬಂದಿದ್ದಾರೆ ಎಂಬುದನ್ನು ಬರೆದುಕೊಳ್ಳಲಿ. ಹೊಸ ಆ್ಯಪ್ ರಾಜ್ಯಕ್ಕೆಲ್ಲ ಬಿಡುವ ಮೊದಲು ದೇವದುರ್ಗದ ಒಂದು ಹಳ್ಳಿಯಲ್ಲಿ, ನೆಟ್‌ವರ್ಕ್ ಕಡಿಮೆ ಇರುವ ಜಾಗದಲ್ಲಿ, ಹಳೆಯ ಫೋನಿನಲ್ಲಿ ಓಡಿಸಿ ನೋಡಲಿ. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಸರ್ಕಾರ ಮಾಡಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿ 2018ರಿಂದ ರಾಯಚೂರು ಇದೆ. ಇಲ್ಲಿ ಸರಾಗವಾಗಿ ನಡೆಯುವ ಸೇವೆ ಬೆಂಗಳೂರಿನಲ್ಲಿ ನಡೆದೇ ನಡೆಯುತ್ತದೆ.

“ಡ್ಯಾಶ್‌ಬೋರ್ಡ್ ಪ್ರಕಾರ ವಿಲೇವಾರಿ ಚೆನ್ನಾಗಿದೆ. ಇನ್ನೇನು ಅಳೆಯಬೇಕು?”

ಡ್ಯಾಶ್‌ಬೋರ್ಡ್ ಎಂದರೆ ಅಧಿಕಾರಿಗಳು ಅರ್ಜಿಗಳ ಲೆಕ್ಕ ನೋಡುವ ಪರದೆ. ಅಲ್ಲಿಯ ವಿಲೇವಾರಿಯಲ್ಲಿ ತಿರಸ್ಕಾರವೂ ಸೇರುತ್ತದೆ. ಗಡುವಿನ ಹಿಂದಿನ ದಿನ ‘ದಾಖಲೆ ಸಾಲದು’ ಎಂದು ಬರೆದು ವಾಪಸ್ ಕಳಿಸಿದ ಅರ್ಜಿಯೂ ಲೆಕ್ಕದಲ್ಲಿ ಸಕಾಲಕ್ಕೆ ಮುಗಿದ ಅರ್ಜಿಯೇ. ಅದೇ ವ್ಯಕ್ತಿ ಮತ್ತೆ ಅರ್ಜಿ ಹಾಕಿ ಪಡೆದರೆ ಲೆಕ್ಕದಲ್ಲಿ ಎರಡು ಯಶಸ್ಸು, ಮನೆಯಲ್ಲಿ ಎರಡು ಸಲ ಖರ್ಚು.

ನಾನು ನಾಲ್ಕು ಸಂಗತಿ ಅಳೆಯಲು ಹೇಳುತ್ತೇನೆ. ಕೆಲಸ ಮುಗಿಯಲು ಒಬ್ಬರು ಎಷ್ಟು ಸಲ ಬರಬೇಕಾಯಿತು. ಒಂದೇ ಕೆಲಸಕ್ಕೆ ಒಬ್ಬರೇ ಎಷ್ಟು ಅರ್ಜಿ ಹಾಕಿದರು. ತಿರಸ್ಕಾರಕ್ಕೆ ಕೊಟ್ಟ ಕಾರಣಗಳಲ್ಲಿ ಹೆಚ್ಚು ಮರುಕಳಿಸುವುದು ಯಾವುದು. ಅದು ‘ಹೆಸರು ಹೊಂದಿಲ್ಲ’ ಆಗಿದ್ದರೆ ತಿದ್ದಬೇಕಾದದ್ದು ನಿಯಮವನ್ನು. ನಾಲ್ಕನೆಯದು ಕಷ್ಟದ್ದು, ಅರ್ಹರಾಗಿದ್ದೂ ಬರದೇ ಉಳಿದವರು ಯಾರು. ಡ್ಯಾಶ್‌ಬೋರ್ಡಿಗೆ ಅವರು ಕಾಣುವುದೇ ಇಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಗ್ರಂಥಾಲಯದ ಮೇಲ್ವಿಚಾರಕರಿಗೆ ಅವರ ಮನೆ ಯಾವುದೆಂದು ಗೊತ್ತು. ಕೇಳಿದರೆ ಹೇಳುತ್ತಾರೆ.

“ಎಐ ಬಂದರೆ ಇದೆಲ್ಲ ಸರಿಹೋಗುತ್ತಾ?”

ಒಂದು ಭಾಗ ಹಗುರವಾಗಬಹುದು. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಿಂದ ಭಾರತೀಯ ಭಾಷೆಗಳಲ್ಲಿ ಮಾತು ಮತ್ತು ಅನುವಾದದ ಕೆಲಸ ಮಾಡುತ್ತಿದೆ. “ನನ್ನ ಪಿಂಚಣಿ ಎಲ್ಲಿಗಿ ಬಂತು?” ಎಂದು ರಾಯಚೂರಿನ ಮಾತಿನಲ್ಲಿ ಕೇಳಿದರೆ ತಿಳಿದುಕೊಂಡು ಉತ್ತರಿಸುವ ವ್ಯವಸ್ಥೆ ಬಂದರೆ ಓದು ಬಾರದವರಿಗೆ ದೊಡ್ಡ ಬಲ. ಆದರೆ ಅರ್ಜಿ ಯಾಕೆ ನಿಂತಿದೆ ಎಂದು ಕಚೇರಿಯೇ ದಾಖಲಿಸದಿದ್ದರೆ ಯಾವ ಯಂತ್ರವೂ ಅದನ್ನು ಹೇಳಲಾರದು. ಯಾರಿಗೆ ಸವಲತ್ತು ಇಲ್ಲ ಎಂಬ ತೀರ್ಮಾನವಂತೂ ಹೆಸರು, ಹುದ್ದೆ ಇರುವ ಮನುಷ್ಯರ ಸಹಿಯಿಂದಲೇ ಆಗಬೇಕು. ಇಲ್ಲವಾದರೆ ಮೇಲ್ಮನವಿ ಯಾರಿಗೆ ಹಾಕುವುದು?

“ಇದನ್ನ ಗ್ರಾಮಸಭಾದಾಗ ಎತ್ತಬಹುದೇನ್ರಿ? ಪಿಡಿಒ ಸಾಹೇಬ್ರು ‘ಇದು ನಮ್ಮ ಕೈಯಾಗ ಇಲ್ಲ’ ಅಂದ್ರ?”

ಬೇಷಕ್ ಎತ್ತಬಹುದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಸರ್ವರ್ ಸರಿಮಾಡುವುದು ಪಂಚಾಯಿತಿ ಕೈಯಲ್ಲಾಗಲಿ, ಅದರ ಅಭಿವೃದ್ಧಿ ಅಧಿಕಾರಿಯಾದ ಪಿಡಿಒ ಕೈಯಲ್ಲಾಗಲಿ ಇಲ್ಲದಿರಬಹುದು. ಆದರೆ ಗ್ರಾಮಸಭೆಯ ಠರಾವನ್ನು ನಡಾವಳಿಯಲ್ಲಿ ಬರೆದು ತಹಶೀಲ್ದಾರರಿಗೆ, ತಾಲ್ಲೂಕು ಪಂಚಾಯಿತಿಗೆ ಕಳಿಸುವುದು ಅವರ ಕೈಯಲ್ಲೇ ಇದೆ.

ಬಿಡಿ ಬಿಡಿ ದೂರು ಹೇಳಿದರೆ “ನಿಮ್ಮದು ಒಂದು ನೋಡೋಣ” ಎಂದು ಮುಗಿಯುತ್ತದೆ. ಸಭೆಗೆ ಮೊದಲು ಓಣಿಯ ನಾಲ್ಕಾರು ಜನ ಕೂತು ಒಂದೇ ತೊಂದರೆ ಇರುವವರ ಸ್ವೀಕೃತಿ ಚೀಟಿಗಳನ್ನು ಒಟ್ಟುಮಾಡಿ. ಠರಾವು ಹೀಗಿರಲಿ: “ನಮ್ಮ ಗ್ರಾಮದ ಇಷ್ಟು ಜನರ ಪಿಂಚಣಿ ಅರ್ಜಿಗಳು ಹೆಸರು ಹೊಂದಿಲ್ಲವೆಂಬ ಕಾರಣಕ್ಕೆ ವಾಪಸ್ ಬಂದಿವೆ. ಅರ್ಜಿ ಸಂಖ್ಯೆಗಳನ್ನು ಲಗತ್ತಿಸಿದೆ. ಗ್ರಾಮ ಆಡಳಿತ ಅಧಿಕಾರಿಗಳು ಗ್ರಾಮದಲ್ಲಿ ಒಂದು ದಿನ ಕುಳಿತು ಸ್ಥಳದಲ್ಲೇ ಪರಿಶೀಲಿಸಿ ಇತ್ಯರ್ಥಪಡಿಸಬೇಕು.” ಏನು ತೊಂದರೆ, ಎಷ್ಟು ಜನರಿಗೆ, ಯಾರು ಏನು ಮಾಡಬೇಕು, ಇಷ್ಟೇ ಸಾಕು. ಬೈಗುಳ ಬೇಡ.

ಠರಾವಿನ ನಕಲು ಕೇಳಿ ಪಡೆಯಿರಿ. ಕಳಿಸಿದ ಪತ್ರ ಏನಾಯಿತೆಂದು ತಿಳಿಯದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಹಾಕಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ, 30 ದಿನದೊಳಗೆ ಉತ್ತರ ಬರಬೇಕು. ಮುಂದಿನ ಗ್ರಾಮಸಭೆಯಲ್ಲಿ ಮೊದಲು ಹಿಂದಿನ ಠರಾವಿನ ಮೇಲೆ ಏನು ಕ್ರಮವಾಯಿತೆಂಬ ಅನುಪಾಲನಾ ವರದಿ ಓದಿಸಿ, ಆಮೇಲೆ ಹೊಸ ವಿಷಯಕ್ಕೆ ಹೋಗಿ.